21 ತುಂಡು, ಒಂದು ಕರಡಿ

ನಕ್ಷೆ ಕೊಂಡರೆ ಸಿಗುತ್ತದೆ, ಬಟ್ಟೆ ಪೇಟೆಯಲ್ಲಿ ಸಿಗುತ್ತದೆ; ಮೂತಿ ಮಾತ್ರ ಪಳಗಿದ ಕೈಯೊಂದರ ಪಕ್ಕದಲ್ಲಿ ಕುಳಿತವರಿಗೇ ಒಲಿಯುತ್ತದೆ. ಕೈಯಿಂದ ಟೆಡ್ಡಿ ಕರಡಿ ಹೊಲಿಯುವ ಕಸುಬಿನ ಒಳಹೊರಗು, ಜೊತೆಗೆ ಕೊಡಗಿನ ಗೋಣಿಕೊಪ್ಪಲಿನ ನೆರೆಯ ಕಾಡಿನಲ್ಲಿ ಸೂಜಿಗಾಗಿ ಕಾದಿರುವ ಒಂದು ಕರಡಿ.

ನವರಾತ್ರಿಯ ಕೊನೆಯ ದಿನಗಳಲ್ಲಿ ಗೋಣಿಕೊಪ್ಪಲಿನ ಮುಖ್ಯ ರಸ್ತೆ ವಾಹನಗಳ ಕೈಬಿಟ್ಟು ಜನರ ವಶವಾಗುತ್ತದೆ: ಕಾವೇರಿ ದಸರಾ ಸಮಿತಿಯ ವೇದಿಕೆಯಿಂದ ಹಾಡು ಕೇಳಿಬರುತ್ತದೆ, ಮೆರವಣಿಗೆಯ ಸ್ತಬ್ಧಚಿತ್ರಗಳ ಚೌಕಟ್ಟುಗಳು ಎದ್ದು ನಿಲ್ಲುತ್ತವೆ, ಅಂಗಡಿಗಳ ಮುಂದೆ ತೂಗುಬಿಟ್ಟ ಆಟಿಕೆಗಳ ನಡುವೆ ಪಾಲಿಥಿನ್ ಚೀಲದೊಳಗೆ ಗುಲಾಬಿ, ಕೆನೆ, ಕಂದು ಬಣ್ಣದ ಟೆಡ್ಡಿ ಕರಡಿಗಳು ಸಾಲಾಗಿ ನೇತಾಡುತ್ತವೆ.

ಆ ಕರಡಿಗಳೆಲ್ಲ ಯಂತ್ರದ ಮಕ್ಕಳು. ಒಂದೇ ಅಚ್ಚಿನ ಕತ್ತರಿಯಲ್ಲಿ ಹಲವು ಪದರ ಬಟ್ಟೆ ಒಮ್ಮೆಗೇ ಕತ್ತರಿಸಿ, ಗಾಳಿಯ ಒತ್ತಡದಿಂದ ಕೃತಕ ನಾರು ತುಂಬಿ, ಹೊಟ್ಟೆಯನ್ನು ಮುಚ್ಚಿ ಕಳುಹಿಸಿದ ಸರಕು. ಇದೇ ಊರಿನಿಂದ ಮೈಸೂರಿನ ದಾರಿ ಹಿಡಿದು ತಿತಿಮತಿ ದಾಟಿದರೆ ಆನೆಚೌಕೂರಿನ ಕಾಡು, ಅದರಾಚೆ ನಾಗರಹೊಳೆ. ಅಲ್ಲಿ ಜಡೆಗೂದಲಿನ, ಉದ್ದ ಮೂತಿಯ, ಗೆದ್ದಲ ಹುತ್ತವನ್ನು ಬಗೆಯುವ ನಿಜವಾದ ಕರಡಿ, ಅಂದರೆ ಜಡೆಗರಡಿ, ಬದುಕಿದೆ. ಚೀಲದೊಳಗಿನ ಕರಡಿಗೂ ಕಾಡಿನೊಳಗಿನ ಕರಡಿಗೂ ಹೆಸರಿನ ಹೊರತು ಯಾವ ನಂಟೂ ಉಳಿದಿಲ್ಲವೆಂದು ತೋರಿದರೂ, ಈ ಎರಡರ ನಡುವೆ ಮೂರನೆಯದೊಂದು ಇದೆ: ಒಬ್ಬ ಕುಶಲಕರ್ಮಿ ಒಂದೊಂದನ್ನೇ ಕತ್ತರಿಸಿ, ಹೊಲಿದು, ಕೀಲು ಕೂಡಿಸಿ, ಮುಖ ಮೂಡಿಸುವ ಕರಡಿ. ಆ ಮೂರನೆಯ ಕರಡಿಯನ್ನು ಕಲಿಯುವ ಬಗೆಯೇ ಇಲ್ಲಿನ ವಿಷಯ.

ಗುಂಡು ಹಾರಿಸದ ಬೇಟೆ

ಆಟಿಕೆಯ ಕರಡಿಗೆ ಹೆಸರು ಬಂದದ್ದು ಒಂದು ವಿಫಲ ಬೇಟೆಯಿಂದ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮಿಸಿಸಿಪ್ಪಿಯ ಕಾಡಿಗೆ ಕರಡಿ ಬೇಟೆಗೆಂದು ಹೋದಾಗ, ಹುಟ್ಟಿನಿಂದ ಗುಲಾಮನಾಗಿದ್ದು ಮುಂದೆ ಹೆಸರಾಂತ ಬೇಟೆಗಾರನಾದ ಹೋಲ್ಟ್ ಕೋಲಿಯರ್ ಎಂಬ ಮಾರ್ಗದರ್ಶಕ ಕರಡಿಯೊಂದನ್ನು ಹೊಡೆದು ಮರಕ್ಕೆ ಕಟ್ಟಿ, ಗುಂಡು ಹಾರಿಸಲು ಅಧ್ಯಕ್ಷರನ್ನು ಕರೆದ. ಕಟ್ಟಿಹಾಕಿದ ಪ್ರಾಣಿಗೆ ಗುಂಡಿಕ್ಕುವುದು ಬೇಟೆಯಲ್ಲವೆಂದು ರೂಸ್‌ವೆಲ್ಟ್ ನಿರಾಕರಿಸಿದರು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ; ಆದರೆ ಗಾಯಗೊಂಡಿದ್ದ ಆ ಕರಡಿಯನ್ನು ಅವರ ಸೂಚನೆಯಂತೆಯೇ ಬಳಿಕ ಚಾಕುವಿನಿಂದ ಕೊಲ್ಲಲಾಯಿತೆಂಬುದು ಉಳಿದರ್ಧ. ಹುಲಿ ಕೊಂದವನನ್ನು ಮದುವಣಿಗನಂತೆ ಅಲಂಕರಿಸಿ ‘ನರಿಮಂಗಲ’ ಎಂಬ ಸನ್ಮಾನ ಮಾಡುತ್ತಿದ್ದ ಕೊಡಗಿನ ಹಿರಿಯರಿಗೆ, ಕೊಲ್ಲದೆ ಕೀರ್ತಿ ಪಡೆದ ಈ ಬೇಟೆಗಾರನ ಸಂಗತಿ ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ.

ನವೆಂಬರ್ 16ರಂದು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಕ್ಲಿಫರ್ಡ್ ಬೆರಿಮನ್ ಈ ಪ್ರಸಂಗದ ವ್ಯಂಗ್ಯಚಿತ್ರ ಬರೆದರು. ಮುಂದಿನ ಚಿತ್ರಗಳಲ್ಲಿ ಅವರ ಕರಡಿ ಕುಗ್ಗುತ್ತಾ, ಕಿವಿ ದುಂಡಗಾಗುತ್ತಾ, ಮರಿಯಾಗಿಬಿಟ್ಟಿತು. ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟುಕೊಂಡಿದ್ದ ಮಾರಿಸ್ ಮತ್ತು ರೋಸ್ ಮಿಕ್ಟಮ್ ದಂಪತಿ ಆ ಮರಿಯನ್ನು ಬಟ್ಟೆಯಲ್ಲಿ ಹೊಲಿದು, ಅಧ್ಯಕ್ಷರ ‘ಟೆಡ್ಡಿ’ ಎಂಬ ಅಡ್ಡಹೆಸರನ್ನೇ ಇಟ್ಟು ಕಿಟಕಿಯಲ್ಲಿ ಕೂರಿಸಿದರು.

ಅದೇ ಕಾಲಕ್ಕೆ, ಈ ಯಾವ ಸುದ್ದಿಯೂ ಬೇಕಿಲ್ಲದೆ, ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ ಇನ್ನೊಂದು ಕರಡಿ ಹುಟ್ಟಿತ್ತು. ಮಾರ್ಗರೆಟ್ ಸ್ಟೈಫ್ (1847–1909) ಎಳವೆಯಲ್ಲೇ ಪೋಲಿಯೋ ತಗುಲಿ ಗಾಲಿಕುರ್ಚಿ ಹಿಡಿದಿದ್ದ ಹೆಣ್ಣುಮಗಳು. ಹೊಲಿಗೆ ಕಲಿತು ಫೆಲ್ಟ್ ಬಟ್ಟೆಯ, ಅಂದರೆ ನೇಯದೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆಯ, ಉಡುಪಿನಂಗಡಿ ನಡೆಸುತ್ತಿದ್ದರು. ಗುಂಡುಸೂಜಿ ಚುಚ್ಚಿಡಲೆಂದು ಅವರು ಹೊಲಿದ ಪುಟ್ಟ ಆನೆಗಳನ್ನು ಮಕ್ಕಳು ಎತ್ತಿಕೊಂಡು ಆಡತೊಡಗಿದಾಗ ಅಂಗಡಿ ಆಟಿಕೆಯ ಕಾರ್ಖಾನೆಯಾಯಿತು. ಸ್ಟುಟ್‌ಗಾರ್ಟ್‌ನ ಪ್ರಾಣಿಸಂಗ್ರಹಾಲಯದಲ್ಲಿ ಕುಳಿತು ಕರಡಿಗಳ ರೇಖಾಚಿತ್ರ ಬರೆಯುತ್ತಿದ್ದ ಅವರ ಸೋದರನ ಮಗ ರಿಚರ್ಡ್, ಕೈಕಾಲು ಆಡಿಸಬಲ್ಲ ಕರಡಿಯನ್ನು 1902ರಲ್ಲಿ ರೂಪಿಸಿದ.

ಗಮನಿಸಬೇಕಾದದ್ದು ಇದು: ಒಂದು ಕರಡಿ ವ್ಯಂಗ್ಯಚಿತ್ರದಿಂದ ಬಂದಿತು, ಇನ್ನೊಂದು ಪ್ರಾಣಿಯನ್ನೇ ನೋಡಿ ಬಂದಿತು. ಕಸುಬುದಾರರು ಇಂದಿಗೂ ತಮ್ಮ ಗುರುವೆಂದು ಹಿಂತಿರುಗಿ ನೋಡುವುದು ಎರಡನೆಯದನ್ನೇ. ಆ ಹಳೆಯ ಕರಡಿಯ ಬೆನ್ನಿನಲ್ಲಿ ಗೂನಿತ್ತು, ತೋಳು ಮೊಣಕಾಲನ್ನು ದಾಟುತ್ತಿತ್ತು, ಮೂತಿ ಉದ್ದವಾಗಿತ್ತು.

ಚೌಕಟ್ಟು: 55 ಪಿಬಿ
*ಸ್ಟೈಫ್ ಕಂಪನಿಯ ಮೊದಲ ಕೀಲುಕರಡಿಯ ಸಂಕೇತನಾಮ ‘55 ಪಿಬಿ’. 55 ಎಂಬುದು ಸೆಂಟಿಮೀಟರಿನಲ್ಲಿ ಅಳತೆ. ಉಳಿದೆರಡು ಅಕ್ಷರಗಳು ಜರ್ಮನ್ ಭಾಷೆಯಲ್ಲಿ ತುಪ್ಪಳದ ಬಟ್ಟೆ ಮತ್ತು ಚಲಿಸುವ ಕೀಲನ್ನು ಸೂಚಿಸುತ್ತವೆ. 1903ರ ಲೈಪ್‌ಜಿಗ್ ಆಟಿಕೆ ಮೇಳದಲ್ಲಿ ಅಮೆರಿಕದ ವ್ಯಾಪಾರಿಯೊಬ್ಬ 3,000 ಕರಡಿಗಳಿಗೆ ಬೇಡಿಕೆ ಇಟ್ಟ. 1904ರಿಂದ ಕಿವಿಯಲ್ಲಿ ಲೋಹದ ಗುಂಡಿ ಕಂಪನಿಯ ಗುರುತಾಯಿತು. 1907ರ ಒಂದೇ ವರ್ಷ 9,74,000 ಕರಡಿಗಳು ತಯಾರಾದವು. ಮೊದಲ ತಂಡದ ಒಂದು ಕರಡಿಯೂ ಇಂದು ಉಳಿದಿಲ್ಲ.*

ಕತ್ತರಿಯ ತುದಿ ಮಾತ್ರ

ಕೈಕಸುಬಿನ ಟೆಡ್ಡಿ ಕರಡಿಗೆ ಮೂಲದ್ರವ್ಯ ಮೊಹೇರ್, ಅಂದರೆ ಅಂಗೋರಾ ತಳಿಯ ಮೇಕೆಯ ಹೊಳೆಯುವ ಕೂದಲನ್ನು ಹತ್ತಿಯ ನೇಯ್ಗೆಯ ಮೇಲೆ ಎಬ್ಬಿಸಿ ನಿಲ್ಲಿಸಿದ ಬಟ್ಟೆ. ಮೇಲ್ಭಾಗದಲ್ಲಿ ನಿಂತಿರುವ ಈ ಕೂದಲಿನ ಪದರವನ್ನು ತುಪ್ಪಳವೆಂದೂ, ಹಿಂಬದಿಯ ನೇಯ್ಗೆಯನ್ನು ತಳವೆಂದೂ ಕರೆದರೆ ಮುಂದಿನ ಮಾತು ಸುಲಭವಾಗುತ್ತದೆ. ಯಾರ್ಕ್‌ಷೈರಿನ ಮತ್ತು ಜರ್ಮನಿಯ ಗಿರಣಿಗಳಲ್ಲಿ ನೇಯುವ ಈ ಬಟ್ಟೆ ದುಬಾರಿಯಾದ್ದರಿಂದ, ಯಾವ ವಿವೇಕಿಯಾದ ಗುರುವೂ ಮೊದಲ ಕರಡಿಯನ್ನು ಅದರಲ್ಲಿ ಹೊಲಿಯಗೊಡುವುದಿಲ್ಲ. ಕೋರಾ ಬಟ್ಟೆಯಲ್ಲಿ ಒಂದು ಕರಡಿ, ಬಳಿಕ ಕೃತಕ ತುಪ್ಪಳದಲ್ಲಿ ಒಂದು, ಆಮೇಲೆ ಮೊಹೇರ್ ಎಂಬುದು ರೂಢಿಯ ಕ್ರಮ.

ಸಾಂಪ್ರದಾಯಿಕ ನಕ್ಷೆಯಲ್ಲಿ 21 ತುಂಡುಗಳಿರುತ್ತವೆ: ಮೈಗೆ ಎರಡು, ತಲೆಗೆ ಮೂರು, ಕಿವಿಗಳಿಗೆ ನಾಲ್ಕು, ತೋಳುಗಳಿಗೆ ಅಂಗೈ ಸೇರಿ ಆರು, ಕಾಲುಗಳಿಗೆ ಪಾದ ಸೇರಿ ಆರು. ತಲೆಯ ಮೂರರಲ್ಲಿ ಎರಡು ಕೆನ್ನೆಗಳು. ಮೂರನೆಯದು ಮೂಗಿನ ತುದಿಯಿಂದ ಹಣೆಯ ಮೇಲೆ ಹಾದು ಕತ್ತಿನ ಹಿಂಬದಿಯವರೆಗೆ ಸಾಗುವ ನಡುಪಟ್ಟಿ. ಕರಡಿಯ ಸ್ವಭಾವವನ್ನೆಲ್ಲ ನಿರ್ಧರಿಸುವುದು ಈ ಪಟ್ಟಿಯೇ. ಅದು ಹಣೆಯ ಬಳಿ ಅಗಲವಾದರೆ ಮುಖ ಮಗುವಿನದಾಗುತ್ತದೆ, ಮೂತಿಯ ಬಳಿ ಉದ್ದವಾದರೆ ಪ್ರಾಣಿಯದಾಗುತ್ತದೆ.

ಪ್ರತಿ ತುಂಡಿನ ಮೇಲೂ ಒಂದು ಬಾಣದ ಗುರುತಿರುತ್ತದೆ. ತುಪ್ಪಳವು ಒರಗುವ ದಿಕ್ಕನ್ನು ಅದು ತೋರಿಸುತ್ತದೆ. ಬಾಣವೊಂದು ತಿರುಗಿಬಿದ್ದರೆ ಎಡಗೈಯ ಕೂದಲು ಕೆಳಕ್ಕೂ ಬಲಗೈಯ ಕೂದಲು ಮೇಲಕ್ಕೂ ಹರಿದು, ಬೆಳಕು ಬೀಳುವ ರೀತಿಯಲ್ಲೇ ಎರಡು ಕೈಗಳು ಎರಡು ಬಣ್ಣವಾಗುತ್ತವೆ. ಜೋಡಿ ತುಂಡುಗಳಲ್ಲಿ ಒಂದನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುವಿ ಬರೆಯಬೇಕೆಂಬುದನ್ನು ಮರೆತವರ ಬಳಿ ಎರಡೂ ಎಡಗಾಲುಗಳೇ ಉಳಿಯುತ್ತವೆ. ಟೈಲರಿಂಗ್ ಬಲ್ಲವರೂ ಇಲ್ಲಿ ಎಡವುವುದುಂಟು.

ಕತ್ತರಿಸುವಾಗ ಚೂಪಾದ ಪುಟ್ಟ ಕತ್ತರಿಯ ಕೆಳಗಿನ ಅಲಗನ್ನು ತಳಕ್ಕೆ ತಾಗಿಸಿ, ತುದಿಯಿಂದಷ್ಟೇ, ನೇಯ್ಗೆಯನ್ನು ಮಾತ್ರ ಬಿಡಿಸುತ್ತಾ ಸಾಗಬೇಕು. ಸೀರೆ ಕುಪ್ಪಸ ಕತ್ತರಿಸುವ ಧಾಟಿಯಲ್ಲಿ ಕತ್ತರಿಯನ್ನು ಪೂರ್ತಿ ಬಾಯಿತೆರೆದು ಆಡಿಸಿದರೆ ಅಂಚಿನ ಕೂದಲೆಲ್ಲ ತುಂಡಾಗಿ, ಹೊಲಿಗೆಯ ಗೆರೆ ಬೋಳಾಗಿ ಎದ್ದು ಕಾಣುತ್ತದೆ. ಹೊಲಿಯುವ ಮುನ್ನ ಅಂಚಿನ ಕೂದಲನ್ನು ಒಳಕ್ಕೆ ತಳ್ಳಿ, ಸುಮಾರು 6 ಮಿಲಿಮೀಟರ್ ಅಂಚು ಬಿಟ್ಟು, ಪ್ರತಿ ಹೆಜ್ಜೆಗೂ ಅರ್ಧ ಹೆಜ್ಜೆ ಹಿಂದಕ್ಕೆ ಬರುವ ಹಿಂಹೊಲಿಗೆಯನ್ನು ಒತ್ತಾಗಿ ಹಾಕಬೇಕು. ಮುಂದೆ ಬರುವ ಗಟ್ಟಿ ತುಂಬಿಕೆಯ ಒತ್ತಡವನ್ನೆಲ್ಲ ತಡೆಯಬೇಕಾದದ್ದು ಈ ಹೊಲಿಗೆಯೇ. ಬಟ್ಟೆಯನ್ನು ಮಗುಚಿದ ಬಳಿಕ ಸೂಜಿಯ ಮೊನೆಯಿಂದ ಹೊಲಿಗೆಯಲ್ಲಿ ಸಿಕ್ಕಿಬಿದ್ದ ಕೂದಲನ್ನು ಒಂದೊಂದಾಗಿ ಎತ್ತಿದರೆ ಗೆರೆ ಮಾಯವಾಗುತ್ತದೆ.

ಬಟ್ಟೆಯ ದುಬಾರಿತನವು ಕಾರ್ಖಾನೆಯ ಚರಿತ್ರೆಯಲ್ಲೂ ಗುರುತು ಬಿಟ್ಟಿದೆ. ಹಳೆಯ ಸ್ಟೈಫ್ ಕರಡಿಗಳಲ್ಲಿ ಕೆಲವಕ್ಕೆ ಮೂಗಿನ ಮೇಲೆ ನೇರವಾಗಿ ಇಳಿಯುವ ಹೊಲಿಗೆಯೊಂದಿದೆ; ಬಟ್ಟೆಯ ಅಗಲದಲ್ಲಿ ಆರು ತಲೆಗಳಿಗೆ ಇಡೀ ನಡುಪಟ್ಟಿ ದಕ್ಕಿ, ಏಳನೆಯದಕ್ಕೆ ಎರಡು ಚೂರು ಜೋಡಿಸಬೇಕಾಗುತ್ತಿತ್ತೆಂದು ಸಂಗ್ರಾಹಕರು ವಿವರಿಸುತ್ತಾರೆ. ಉಳಿತಾಯಕ್ಕೆಂದು ಹುಟ್ಟಿದ ಆ ತೇಪೆಗೇ ಇಂದು ಹರಾಜಿನಲ್ಲಿ ಹೆಚ್ಚು ಬೆಲೆ.

ಐದು ಕೀಲು, ಒಂದು ಒತ್ತಡ

ಕರಡಿಗೆ ಐದು ಕೀಲುಗಳು: ಕತ್ತು, ಎರಡು ಭುಜ, ಎರಡು ಸೊಂಟ. ಒಂದೊಂದು ಕೀಲೂ ಗಟ್ಟಿ ಹಲಗೆಯ ಎರಡು ಬಿಲ್ಲೆ, ಲೋಹದ ಎರಡು ವಾಷರ್, ನಡುವೆ ತೂರಿದ ಕವಲುಪಿನ್ ಇಷ್ಟರಿಂದ ಆದದ್ದು. ಪಿನ್ನಿನ ಎರಡು ಕಾಲುಗಳನ್ನು ಇಕ್ಕಳದಿಂದ ಎಳೆದು ಸುರುಳಿ ಸುತ್ತಿದರೆ ಬಿಲ್ಲೆಗಳು ಒಂದನ್ನೊಂದು ಅಪ್ಪಿ ಹಿಡಿಯುತ್ತವೆ. ಪಿನ್ನಿನ ಬದಲು ಬೋಲ್ಟು ಮತ್ತು ಸಡಿಲಗೊಳ್ಳದ ನಟ್ಟು ಬಳಸುವವರೂ ಇದ್ದಾರೆ. ಹೊಸದರಲ್ಲಿ ಕೀಲು ತಿರುಗಿಸಲು ಕಷ್ಟವೆನಿಸುವಷ್ಟು ಬಿಗಿಯಿರಬೇಕೆಂಬುದು ನಿಯಮ, ಏಕೆಂದರೆ ತುಂಬಿದ ನಾರು ಕಾಲಕ್ರಮದಲ್ಲಿ ಕುಗ್ಗಿ ಬಿಗಿಯೆಲ್ಲ ಇಳಿಯುತ್ತದೆ.

ಇಲ್ಲಿಯವರೆಗಿನದನ್ನು ಪುಸ್ತಕ ನೋಡಿ ಕಲಿಯಬಹುದು. ತುಂಬುವುದನ್ನು ಹಾಗೆ ಕಲಿಯಲಾಗದು.

ಹೊಸಬರ ಕರಡಿಗಳೆಲ್ಲ ಸಾಮಾನ್ಯವಾಗಿ ಒಂದೇ ರೋಗದಿಂದ ನರಳುತ್ತವೆ: ತಲೆ ಮೆತ್ತಗೆ. ತಲೆಯನ್ನು ಕಲ್ಲಿನಷ್ಟು ಗಟ್ಟಿಯಾಗಿ ತುಂಬದಿದ್ದರೆ ಕಣ್ಣು ಕೂರಿಸುವ ದಾರವನ್ನು ಎಳೆದಾಗ ಮುಖವೇ ಒಳಕ್ಕೆ ಕುಸಿಯುತ್ತದೆ, ಮೂಗಿನ ಹೊಲಿಗೆ ಸುಕ್ಕುಗಟ್ಟುತ್ತದೆ. ಪಳಗಿದ ಕಲಾವಿದರು ಚಿಟಿಕೆಯಷ್ಟೇ ನಾರನ್ನು ಮೂಗಿನ ತುದಿಗೆ ಮೊದಲು ಒತ್ತಿ, ಕೋಲಿನಿಂದ ಜಡಿದು, ಅದರ ಮೇಲೆ ಇನ್ನೊಂದು ಚಿಟಿಕೆಯಿಟ್ಟು, ಆಗಾಗ ಹೊರಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾ ಹಿಂದಕ್ಕೆ ಬರುತ್ತಾರೆ. ಹಿಡಿ ಹಿಡಿಯಾಗಿ ತುರುಕಿದ ನಾರು ಉಂಡೆಗಟ್ಟಿ ಕೆನ್ನೆಯಲ್ಲಿ ಗಂಟಾಗಿ ಉಳಿಯುತ್ತದೆ. ಗುರುವಿನ ಕರಡಿಯ ತಲೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ಒತ್ತಿನೋಡುವುದು, ಮರುಗಳಿಗೆ ತನ್ನದನ್ನು ಒತ್ತಿನೋಡುವುದು, ಈ ಎರಡರ ಅಂತರವೇ ಪಾಠ. ಅಕ್ಕಿರೊಟ್ಟಿಯ ಹಿಟ್ಟಿನ ಹದವನ್ನು ಅಳತೆಯಲ್ಲಿ ಹೇಳಲಾಗದೆ ಮುಟ್ಟಿಸಿಯೇ ಕಲಿಸುವ ಹಾಗೆ, ಇದೂ ಬೆರಳಿನಿಂದ ಬೆರಳಿಗೆ ದಾಟುವ ವಿದ್ಯೆ.

ಹೊಟ್ಟೆಗೆ ಬೇರೆಯೇ ಲೆಕ್ಕ. ಕೀಲಿನ ಬಿಲ್ಲೆಗಳ ಸುತ್ತ ಗಟ್ಟಿಯಾಗಿ, ನಡುವೆ ಸಡಿಲವಾಗಿ, ತಳದಲ್ಲಿ ಭಾರವಾಗಿ ತುಂಬಿದರೆ ಕರಡಿ ತೂಗಿಸಿಕೊಂಡು ಕೂರುತ್ತದೆ. ತಳದ ಭಾರಕ್ಕೆ ಉಕ್ಕಿನ ಸಣ್ಣ ಗುಂಡುಗಳನ್ನೋ ಗಾಜಿನ ಮಣಿಗಳನ್ನೋ ಬಟ್ಟೆಯ ಚೀಲದಲ್ಲಿ ಕಟ್ಟಿ ಇಡುತ್ತಾರೆ. ಹಳಬರು ಗುಟುರು ಹಾಕುವ ಪೆಟ್ಟಿಗೆಯೊಂದನ್ನೂ ಒಳಗಿಡುತ್ತಿದ್ದರು: ಕೊಳವೆಯೊಳಗೆ ತೂಕ ಕಟ್ಟಿದ ಪುಟ್ಟ ತಿದಿ, ಕರಡಿಯನ್ನು ಓರೆಮಾಡಿದಾಗ ಕುಸಿದು, ಗಾಳಿಯನ್ನು ಒಂದು ನಾಲಗೆಯ ಮೂಲಕ ನೂಕಿ ಸದ್ದು ಮಾಡುತ್ತದೆ. ಕೊನೆಗೆ ಬೆನ್ನನ್ನು ಏಣಿಹೊಲಿಗೆಯಲ್ಲಿ, ಅಂದರೆ ಎರಡಂಚುಗಳ ನಡುವೆ ಮೆಟ್ಟಿಲಂತೆ ಅಡ್ಡ ಹಾಯ್ದು ಎಳೆದೊಡನೆ ಕಾಣೆಯಾಗುವ ಹೊಲಿಗೆಯಲ್ಲಿ ಮುಚ್ಚುತ್ತಾರೆ.

ಚೌಕಟ್ಟು: ಒಳಗೇನಿದೆ?
*ಮೊದಲ ಕರಡಿಗಳ ಹೊಟ್ಟೆಯಲ್ಲಿ ಇದ್ದದ್ದು ಮರದ ಎಳೆಎಳೆ ಹೆರೆತ. ಮೊದಲ ಮಹಾಯುದ್ಧದ ಅನಂತರ ಇಂಗ್ಲೆಂಡಿನ ಕರಡಿಗಳಲ್ಲಿ ಕಪೋಕ್, ಅಂದರೆ ಬಿಳಿಬೂರುಗದ ಹತ್ತಿ, ಪ್ರಚಾರಕ್ಕೆ ಬಂತು. ನೀರು ಹೀರದ ಈ ಹಗುರ ನಾರನ್ನೇ ಜೀವರಕ್ಷಕ ಅಂಗಿಗಳಲ್ಲೂ ತುಂಬುತ್ತಿದ್ದರು. 1954ರಲ್ಲಿ ವೆಂಡಿ ಬೋಸ್ಟನ್ ಎಂಬ ಬ್ರಿಟಿಷ್ ತಯಾರಕಿ ಯಂತ್ರದಲ್ಲಿ ಒಗೆಯಬಹುದಾದ ಕರಡಿಯನ್ನು ತಂದ ಮೇಲೆ ಕೃತಕ ನಾರಿನ ಯುಗ ಶುರುವಾಯಿತು. ಬೂರುಗದ ಹತ್ತಿಯ ದಿಂಬು ಕೊಡಗಿನ ಮನೆಗಳಿಗೆ ಹೊಸದಲ್ಲ. ಆದರೆ ಮಳೆಗಾಲದ ತೇವದಲ್ಲಿ ತುಂಬುವ ಮುನ್ನ ಅದನ್ನು ಚೆನ್ನಾಗಿ ಒಣಗಿಸದಿದ್ದರೆ ಬೂಸಲು ಖಚಿತ. ಅಂಗೈ ಮತ್ತು ಪಾದಕ್ಕೆ ಪರದೇಶದ ಫೆಲ್ಟ್ ಸಿಗದ ಕಡೆ ಕುರುಬರ ಕಂಬಳಿಯ ತುಂಡು ಸೊಗಸಾಗಿ ಹೊಂದುತ್ತದೆ.*

ಕಣ್ಣು ಎಲ್ಲಿಡಬೇಕು?

ಶಿಲ್ಪಿಗಳು ವಿಗ್ರಹದ ಕಣ್ಣು ತೆರೆಸುವ ನೇತ್ರೋನ್ಮೀಲನವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕರಡಿ ಹೊಲಿಯುವವರಿಗೆ ಆ ಸೌಕರ್ಯವಿಲ್ಲ. ತಲೆ ತುಂಬಿದ ಕೂಡಲೇ, ಮೈ ಇನ್ನೂ ಬರಿಯ ಚೀಲವಾಗಿರುವಾಗಲೇ, ಕಣ್ಣನ್ನು ಕೂರಿಸುವುದು ಅವರಲ್ಲಿ ವಾಡಿಕೆ. ಹಿಂಬದಿಯಲ್ಲಿ ತಂತಿಯ ಕುಣಿಕೆಯುಳ್ಳ ಗಾಜಿನ ಕಣ್ಣಿಗೆ ಮೇಣ ಸವರಿದ ಬಲವಾದ ದಾರ ಪೋಣಿಸಿ, ಉದ್ದ ಸೂಜಿಯಲ್ಲಿ ತಲೆಯ ಆಚೆಬದಿಗೆ ಹಾಯಿಸಿ, ಎಳೆದು ಗಂಟಿಕ್ಕಿದಾಗ ಕಣ್ಣು ಗುಳಿಯೊಳಗೆ ಇಳಿದು ಹುಬ್ಬಿನ ನೆರಳು ತಾನಾಗಿ ಮೂಡುತ್ತದೆ. ಆದರೆ ಅದಕ್ಕೂ ಮುನ್ನ ಕಪ್ಪು ತಲೆಯ ಗುಂಡುಸೂಜಿಗಳನ್ನು ಚುಚ್ಚಿ, ತೆಗೆದು, ಬೇರೆಡೆ ಚುಚ್ಚಿ, ದೂರ ನಿಂತು ನೋಡುವ ದೀರ್ಘ ಹೊತ್ತೊಂದಿದೆ. ಗುರು ಏನನ್ನೂ ಹೇಳದೆ ಶಿಷ್ಯೆಯನ್ನು ಬಿಟ್ಟುಬಿಡಬೇಕಾದ ಹೊತ್ತು ಅದು.

ಕಣ್ಣು ಕೆಳಗಿಳಿದು ಅಗಲಕ್ಕೆ ಸರಿದಷ್ಟೂ ಕರಡಿ ಎಳೆಯದಾಗುತ್ತದೆ, ಮೇಲೇರಿ ಹತ್ತಿರವಾದಷ್ಟೂ ಮುದಿಯಾಗುತ್ತದೆ. ದೊಡ್ಡ ಹಣೆ, ಕೆಳಗಿನ ಕಣ್ಣು, ಮೊಟಕು ಮೂಗು ಕಂಡೊಡನೆ ದೊಡ್ಡವರಲ್ಲಿ ವಾತ್ಸಲ್ಯ ಉಕ್ಕುತ್ತದೆಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ವಾದಿಸಿದ್ದರು. ರಾಬರ್ಟ್ ಹಿಂಡ್ ಮತ್ತು ಎಲ್.ಎ. ಬಾರ್ಡನ್ 1985ರಲ್ಲಿ ಹಳೆಯ, ಹೊಸ ಟೆಡ್ಡಿಗಳ ಮುಖ ಅಳೆದು, ದಶಕಗಳು ಕಳೆದಂತೆ ಮೂತಿ ಮೊಟಕಾಗಿ ಹಣೆ ಹಿಗ್ಗಿದೆಯೆಂದು ತೋರಿಸಿದರು.

ಇದರಲ್ಲಿ ಪುಟ್ಟ ಮಕ್ಕಳ ಕೈವಾಡವೇನೂ ಇಲ್ಲವೆಂಬುದು ಸ್ವಾರಸ್ಯದ ಸಂಗತಿ. 1995ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ವರ್ಷದ ಮಕ್ಕಳು ಎಳೆಮುಖದ ಕರಡಿಗೆ ವಿಶೇಷ ಒಲವನ್ನೇ ತೋರಲಿಲ್ಲ. ಒಲಿದವರು ಅವರಿಗಿಂತ ದೊಡ್ಡ ಮಕ್ಕಳು. ಅಂಗಡಿಯ ಕರಡಿಯ ಮುಖವನ್ನು ತಿದ್ದಿದ್ದು ಅದನ್ನು ತಬ್ಬಿ ಮಲಗುವ ಕಂದನಲ್ಲ, ದುಡ್ಡು ಕೊಡುವ ದೊಡ್ಡವರು ಎಂದಾಯಿತು.

ಮೂಗನ್ನು ಗಟ್ಟಿ ಹತ್ತಿದಾರದಲ್ಲಿ, ಎಳೆಯ ಪಕ್ಕ ಎಳೆ ಕೂರಿಸಿ ಬಟ್ಟೆ ಕಾಣದಂತೆ ತುಂಬುತ್ತಾರೆ. ಕಲಾವಿದರೊಬ್ಬರ ಸಹಿಯನ್ನು ಕಾಗದಕ್ಕಿಂತ ಅವರ ಕರಡಿಯ ಮೂಗಿನಲ್ಲೇ ಗುರುತಿಸಬಹುದು. ಕೆಲವರದು ತ್ರಿಕೋನ, ಕೆಲವರದು ಆಯತ, ಕೆಲವರದರಲ್ಲಿ ಅಂಚಿನ ಎರಡೆಳೆ ಮೇಲಕ್ಕೆ ಚಾಚಿರುತ್ತದೆ. ತೃಪ್ತಿಯಾಗದ ಮೂಗನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವ ಮನಸ್ಸು ಬಂದ ದಿನ ಕಲಿಕೆ ಒಂದು ಮಜಲು ದಾಟಿದೆಯೆಂದು ತಿಳಿಯಬಹುದು.

ಇಷ್ಟೆಲ್ಲ ಶ್ರಮಕ್ಕೆ ‘ಕಲೆ’ ಎಂಬ ಮನ್ನಣೆ ಬಂದದ್ದು ಇತ್ತೀಚೆಗೆ. ಬ್ರಿಟಿಷ್ ನಟ ಪೀಟರ್ ಬುಲ್ 1969ರಲ್ಲಿ ಟೆಡ್ಡಿಗಳ ಬಗ್ಗೆ ಬರೆದ ಪುಸ್ತಕದಿಂದ ದೊಡ್ಡವರ ಗುಪ್ತಪ್ರೀತಿ ಬಯಲಾಯಿತು. 1970ರ ದಶಕದಲ್ಲಿ ಅಮೆರಿಕದ ಹೊಲಿಗೆಗಾರ್ತಿಯರು ತಮ್ಮದೇ ನಕ್ಷೆಯ, ತಮ್ಮ ಹೆಸರಿನ ಕರಡಿಗಳನ್ನು ಮಾರತೊಡಗಿದರು. 1994ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಟೆಡ್ಡಿ ಗರ್ಲ್’ ಎಂಬ ಹಳೆಯ ಸ್ಟೈಫ್ ಕರಡಿ 1,10,000 ಪೌಂಡಿಗೆ ಜಪಾನಿಗೆ ಹೋಯಿತು.

ಕಿನ್ನಾಳದ ಜಗಲಿ, ಚನ್ನಪಟ್ಟಣದ ಚರಕಿ

ಗುರುವಿನ ಪಕ್ಕ ಕುಳಿತು ಆಟಿಕೆ ಕಲಿಯುವುದು ಕನ್ನಡನಾಡಿಗೆ ಹೊಸತಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ನಾದಿದ ‘ಕಿಟ್ಟ’ ಎಂಬ ಮುದ್ದೆಯಿಂದ ಸಂದು ಮುಚ್ಚಿ ಬಣ್ಣ ಬಳಿಯುವುದನ್ನು ಮನೆಯೊಳಗೇ ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದಿವೆ. ಚನ್ನಪಟ್ಟಣದಲ್ಲಿ ಆಲೆಮರದ ತುಂಡು ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ, ತಾಳೆಗರಿ ಒತ್ತಿದರೆ ಮೆರುಗು ಬರುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಅಲ್ಲಿಯೂ ಯಾರೂ ಬರೆದಿಟ್ಟಿಲ್ಲ. ಈ ಎರಡೂ ಕಸುಬುಗಳಿಗೆ ಭೌಗೋಳಿಕ ಸೂಚಿಕೆಯ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ನೋಂದಣಿಯ, ಮನ್ನಣೆ ದೊರೆತಿದೆ.

ಬಟ್ಟೆಯ ಗೊಂಬೆಗೆ ಮಾತ್ರ ಇಂಥ ಮನೆತನ ಬೆಳೆಯಲಿಲ್ಲ. ಹಳೆಯ ಸೀರೆ ಹರಿದು ಅಜ್ಜಿ ಕಟ್ಟಿಕೊಟ್ಟ ಗೊಂಬೆಗೆ ಬೆಲೆಯಿರಲಿಲ್ಲ, ಆದ್ದರಿಂದ ಕಸುಬೆಂಬ ಹೆಸರೂ ಬರಲಿಲ್ಲ. ದಸರೆಯ ಗೊಂಬೆ ಕೂರಿಸುವ ಮೆಟ್ಟಿಲಿನಲ್ಲೂ ಮರದ ಪಟ್ಟದ ಗೊಂಬೆಗಳದೇ ಅಗ್ರಸ್ಥಾನ. ಹೊಲಿಗೆ ಬಲ್ಲ ಕೈಗಳಿಗೆ ಕೊರತೆಯಿಲ್ಲದ ಗೋಣಿಕೊಪ್ಪಲಿನಂಥ ಊರಿನಲ್ಲಿ ಕೀಲುಕರಡಿಯ ವಿದ್ಯೆ ಬೇರುಬಿಡಲು ತಾಂತ್ರಿಕವಾದ ಅಡ್ಡಿ ಏನೂ ಕಾಣದು.

ಕಾನೂನಿನ ಅಡ್ಡಿ ಒಂದಿತ್ತು, ಅದಕ್ಕೂ ಬಾಗಿಲು ತೆರೆದಿದೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದ ಬಳಿಕ ಭಾರತದಲ್ಲಿ ಮಾರುವ ಆಟಿಕೆಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ವಿನಾಯಿತಿ ಇದ್ದಮಾತ್ರಕ್ಕೆ ಎಚ್ಚರ ಬೇಡವೆಂದಲ್ಲ: ಗಾಜಿನ ಕಣ್ಣು, ಲೋಹದ ಪಿನ್, ಉಕ್ಕಿನ ಗುಂಡುಗಳಿರುವ ಕರಡಿ ಕಪಾಟಿನ ಒಡವೆಯೇ ಹೊರತು ಮೂರು ವರ್ಷದೊಳಗಿನ ಕೂಸಿನ ಬಾಯಿಗೆ ಸಿಗಬೇಕಾದ ವಸ್ತುವಲ್ಲ, ಕೂಸಿಗಾಗಿ ಹೊಲಿಯುವುದಾದರೆ ಕಣ್ಣನ್ನೂ ದಾರದಲ್ಲೇ ಕಸೂತಿ ಮಾಡಬೇಕು.

ನಮ್ಮ ಕಾಡಿನ ಮೂತಿ

ಊರಿನ ಮುದ್ರೆ ಒತ್ತಬೇಕೆಂದು ಕರಡಿಗೆ ಕುಪ್ಯ ತೊಡಿಸಿ, ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸುವುದು ಅತ್ಯಂತ ಸುಲಭದ ದಾರಿ, ಪ್ರವಾಸಿಗಳ ಜೇಬಿಗೂ ಒಗ್ಗುವಂಥದು. ಆದರೆ ಉಡುಪು ಕಳಚಿದೊಡನೆ ಒಳಗಿರುವುದು ಅದೇ ಪರದೇಶದ ಕಂದು ಕರಡಿ. ರಿಚರ್ಡ್ ಸ್ಟೈಫ್ ಮಾಡಿದ್ದನ್ನು ಮಾಡುವುದಾದರೆ ಪ್ರಾಣಿಯಿಂದಲೇ ಆರಂಭಿಸಬೇಕು.

ಕರ್ನಾಟಕದಲ್ಲಿ ಕರಡಿಯೊಂದಿಗಿನ ಸಂಬಂಧ ಮುದ್ದಿನದಾಗಿರಲಿಲ್ಲ. ಕಾಡಂಚಿನವರಿಗೆ ಅದು ಮುಖ ಸೀಳುವ ಪ್ರಾಣಿ. ಪೇಟೆಯವರಿಗೆ, ಮೂತಿ ಚುಚ್ಚಿ ಹಗ್ಗ ಪೋಣಿಸಿ ಕಲಂದರ ಸಮುದಾಯದವರು ಕುಣಿಸುತ್ತಿದ್ದ ಬಡಪಾಯಿ. ಆ ಕುಣಿತ ಕೊನೆಗೊಂಡದ್ದು 2009ರ ಡಿಸೆಂಬರಿನಲ್ಲಿ, ರಾಜು ಎಂಬ ಕೊನೆಯ ಕರಡಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಸೇರಿದಾಗ. ಅದಕ್ಕೂ ಮೊದಲೇ, 1994ರಲ್ಲಿ, ಹಂಪಿಯ ಬಳಿಯ ದರೋಜಿಯಲ್ಲಿ ಕರಡಿಧಾಮ ಸ್ಥಾಪನೆಯಾಗಿತ್ತು. ಮುದ್ದಿನ ಕಥೆಯೂ ಒಂದುಂಟು: ಬೆಂಗಳೂರಿನ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ ತಂದು ಸಾಕಿದ ಬ್ರೂನೋ ಎಂಬ ಮರಿ, ದೊಡ್ಡದಾಗಿ ಮೈಸೂರು ಮೃಗಾಲಯ ಸೇರಿ, ಯಜಮಾನಿಯ ಅಗಲಿಕೆಯಲ್ಲಿ ಕೊರಗಿದ ವೃತ್ತಾಂತ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳ ಇಂಗ್ಲಿಷ್ ಪಾಠವಾಗಿದ್ದು ದೇಶವೆಲ್ಲ ತಿಳಿದಿದೆ.

ಚೌಕಟ್ಟು: ಜಡೆಗರಡಿಯ ಚಹರೆ
*1791ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ಉದ್ದ ಉಗುರು ನೋಡಿ ಈ ಪ್ರಾಣಿಯನ್ನು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಮರವಾಸಿಯ ಬಳಗಕ್ಕೆ ಸೇರಿಸಿಬಿಟ್ಟಿದ್ದ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲದ ಸಂದಿನಿಂದ, ತುಟಿಯನ್ನು ಕೊಳವೆಯಂತೆ ಚಾಚಿ ಗೆದ್ದಲನ್ನು ಹೀರುವುದು ಇದರ ವಿಶೇಷ. ಆ ಹೊತ್ತಿಗೆ ಧೂಳು ಒಳಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಎದೆಯ ಮೇಲೆ ಕೆನೆಬಣ್ಣದ ಕವಲುಗುರುತು. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ.*

ಈ ಚಹರೆಯನ್ನು ನಕ್ಷೆಗೆ ಇಳಿಸುವಾಗ ಕಲಿತದ್ದೆಲ್ಲ ಪರೀಕ್ಷೆಗೆ ಬೀಳುತ್ತದೆ. ನಡುಪಟ್ಟಿಯ ಮೂತಿಯ ಭಾಗವನ್ನು ಉದ್ದಗೊಳಿಸಿ, ತುದಿಯಲ್ಲಿ ಅಗಲಿಸಿ, ಕೆಳತುಟಿ ಜೋಲುವಂತೆ ಗಲ್ಲಕ್ಕೆ ಪ್ರತ್ಯೇಕ ತುಂಡು ಕೊಡಬೇಕಾಗುತ್ತದೆ. ಮೂತಿ ಬೂದುಬಿಳುಪಾಗಿ ಬೋಳಾಗಿರುವುದರಿಂದ ಅಲ್ಲಿಗೆ ಗಿಡ್ಡ ತುಪ್ಪಳದ ಬೇರೆ ಬಟ್ಟೆ ಹಾಕಿ, ಕೆನ್ನೆಯೊಡನೆ ಕೂಡುವ ಹೊಲಿಗೆಯ ಮೇಲೆ ಕಪ್ಪು ಕೂದಲನ್ನು ಕತ್ತರಿಯಿಂದ ಹಂತಹಂತವಾಗಿ ತೆಳುವಾಗಿಸಿದರೆ ಗಡಿ ಮಸುಕಾಗುತ್ತದೆ. ಎದೆಯ ಗುರುತನ್ನು ಕಸೂತಿ ಮಾಡಿದರೆ ಉದ್ದ ಕೂದಲಿನ ನಡುವೆ ಹೂತುಹೋಗುವುದರಿಂದ, ಮೈಯ ತುಂಡುಗಳನ್ನು ಕೂಡಿಸುವ ಮೊದಲೇ ಕೆನೆಬಣ್ಣದ ಪಟ್ಟಿಯನ್ನು ಒಳಜೋಡಿಸಿಕೊಳ್ಳುವುದು ಲೇಸು. ಮರಿಯನ್ನು ಬೆನ್ನಿಗೇರಿಸುವ ಆಸೆಯಿದ್ದರೆ ತಾಯಿಯ ಹೆಗಲ ಜಡೆಯನ್ನು ಎರಡು ಪಟ್ಟು ಉದ್ದದ ತುಪ್ಪಳದಲ್ಲಿ ಹೊಲಿದು, ಕೀಲಿಲ್ಲದ ಮರಿಯ ಅಂಗೈಗಳನ್ನು ಆ ಕೂದಲಿನ ಬುಡಕ್ಕೆ ಬಿಗಿಯಬೇಕು.

ಕಪ್ಪು ತುಪ್ಪಳವು ಹೊಸಬರ ವಕ್ರಹೊಲಿಗೆಗಳನ್ನು ಉದಾರವಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಅದೇ ಕಪ್ಪು ಕಣ್ಣನ್ನೂ ನುಂಗುತ್ತದೆ. ಜಡೆಗರಡಿಯ ಕಣ್ಣು ಮೊದಲೇ ಚಿಕ್ಕದು, ಗಾಢ ಕಂದು. ದೊಡ್ಡ ಗಾಜಿನ ಕಣ್ಣಿಟ್ಟು ಸಮಸ್ಯೆ ಬಗೆಹರಿಸಲು ಹೋದರೆ ಮತ್ತೆ ಅಂಗಡಿಯ ಟೆಡ್ಡಿಯೇ ಎದ್ದು ಕೂರುತ್ತದೆ. ಪಳಗಿದ ಕಲಾವಿದರ ಉಪಾಯ ಬೇರೆ: ಕಣ್ಣಿನ ಸುತ್ತಲಿನ ಕೂದಲನ್ನು ತಳದವರೆಗೆ ಕತ್ತರಿಸಿ, ಗಾಜಿನ ಹಿಂದೆ ಗುಲಗಂಜಿಯಷ್ಟು ಅಗಲದ ಕಂದು ಚರ್ಮದ ಬಿಲ್ಲೆಯೊಂದನ್ನು ರೆಪ್ಪೆಯಂತೆ ಕೂರಿಸಿ, ಆಮೇಲೆ ದಾರವನ್ನು ಎಳೆಯುತ್ತಾರೆ.